ಆಕಾಶದ ಲೆಕ್ಕ: ರೋಮಿನಲ್ಲಿ, ಬೇಗಂಪೇಟೆಯಲ್ಲಿ

(ಹಿಮಾಯತ್‌ನಗರದಲ್ಲಿ ನಡೆದ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನವೂ ಕ್ಯಾಥೊಲಿಕ್ ಶ್ರದ್ಧೆಯೂ ಚರಿತ್ರೆಯಲ್ಲಿ ಹೇಗೆ ನಡೆದುಕೊಂಡು ಬಂದವೆಂಬ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾವು ವಿಜ್ಞಾನಿಗಳಲ್ಲ, ದೇವಶಾಸ್ತ್ರ ಓದಿದವರೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವವರು. ಆದುದರಿಂದ ಗುಮಾಸ್ತರ ಪದ್ಧತಿಯಂತೆ ಖರ್ಚನ್ನೂ ಜಮೆಯನ್ನೂ ಬೇರೆಬೇರೆಯಾಗಿ ಬರೆದು ತಮ್ಮ ಮುಂದಿಡುತ್ತೇವೆ.

ಖರ್ಚಿನ ಬಾಬಿನಲ್ಲಿ ಮೊದಲು ಬರುವ ಹೆಸರು ಗೆಲಿಲಿಯೋ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಕೊಪರ್ನಿಕಸ್ 1543ರಲ್ಲಿ ಬರೆದ ಗ್ರಂಥವನ್ನು ರೋಮ್ 1616ರಲ್ಲಿ ತಡೆಹಿಡಿಯಿತು. ಅದೇ ಮಾತನ್ನು ಎತ್ತಿಹಿಡಿದ ಗೆಲಿಲಿಯೋನನ್ನು 1633ರಲ್ಲಿ ವಿಚಾರಣೆ ಮಾಡಿ, ಆತನಿಂದ ತಪ್ಪೊಪ್ಪಿಗೆ ಪಡೆದು, 1642ರಲ್ಲಿ ಆತ ಸಾಯುವವರೆಗೂ ಗೃಹಬಂಧನದಲ್ಲಿಟ್ಟಿತು. ಈ ಗ್ರಂಥಗಳ ಹೆಸರು ನಿಷಿದ್ಧ ಪುಸ್ತಕಗಳ ಪಟ್ಟಿಯಿಂದ ಅಳಿದುಹೋದದ್ದು 1835ರಲ್ಲಿ. ಆ ಕಾಲದ ಧರ್ಮಪಂಡಿತರು ತಪ್ಪಿದರೆಂದು ಎರಡನೆಯ ಜಾನ್ ಪಾಲ್ ಪೋಪರು ಬಹಿರಂಗವಾಗಿ ನುಡಿದದ್ದು 1992ರಲ್ಲಿ. ಸಾಲ ತೀರಲು ಮೂರೂವರೆ ಶತಮಾನ ಹಿಡಿಯಿತು. ಇದನ್ನು ಯಾರೂ ಮುಚ್ಚಿಡಬಾರದು.

ಆದರೆ ಲೆಡ್ಜರಿನ ಒಂದೇ ಪುಟ ನೋಡಿ ಆಸಾಮಿಯನ್ನು ತೂಗುವುದು ನ್ಯಾಯವಲ್ಲ. ಗೆಲಿಲಿಯೋನ ವಿಚಾರಣೆಗೆ ಅರ್ಧ ಶತಮಾನ ಮೊದಲು, 1582ರಲ್ಲಿ, ಹದಿಮೂರನೆಯ ಗ್ರೆಗರಿ ಪೋಪರು ಪಂಚಾಂಗವನ್ನು ತಿದ್ದಿಸಿದರು. ಕ್ಲಾವಿಯಸ್ ಎಂಬ ಜೆಸುಯಿಟ್ ಗಣಿತಜ್ಞನೂ ಆ ಕೆಲಸದಲ್ಲಿದ್ದನು. ಅಕ್ಟೋಬರ್ 4ರ ಮಾರನೆಯ ದಿನವನ್ನು 15 ಎಂದು ಎಣಿಸಿ, ಹೆಚ್ಚಿ ಬಂದಿದ್ದ ಹತ್ತು ದಿನಗಳನ್ನು ಕಳೆದರು. ನಮ್ಮ ಬ್ಯಾಂಕಿನ ಬಡ್ಡಿಯ ಲೆಕ್ಕ ನಡೆಯುವುದು ಆ ಪಂಚಾಂಗದಂತೆ. ನವೆಂಬರ್ 1ರಂದು ನಾವು ಕನ್ನಡದ ಬಾವುಟ ಹಾರಿಸುವುದೂ ಅದರಂತೆಯೇ.

ಇಷ್ಟು ಪೀಠಿಕೆ. ಈಗ ನಮ್ಮ ಊರಿನ ಸಂಗತಿಗೆ ಬರೋಣ. ನಾವು ಸೇರಿರುವ ಈ ಹಿಮಾಯತ್‌ನಗರದಿಂದ ಕೆಲವೇ ಮೈಲಿ ದೂರದ ಬೇಗಂಪೇಟೆಯಲ್ಲಿ ನಿಜಾಮಿಯಾ ವೀಕ್ಷಣಾಲಯವಿದ್ದದ್ದು ಹಿರಿಯರಿಗೆ ನೆನಪಿರಬಹುದು. ನವಾಬ್ ಜಾಫರ್ ಜಂಗ್ ಎಂಬ ಶ್ರೀಮಂತರು ಇಂಗ್ಲೆಂಡಿನಿಂದ ದೂರದರ್ಶಕ ತರಿಸಿ 1901ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅವರ ಕಾಲಾನಂತರ 1908ರಲ್ಲಿ ಅದು ನಿಜಾಮ್ ಸರ್ಕಾರದ ವಶಕ್ಕೆ ಬಂದಿತು.

ಇದಕ್ಕೂ ರೋಮಿಗೂ ಏನು ನಂಟು ಎಂದು ತಾವು ಕೇಳಬಹುದು. 1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಸ್ಥಾನವನ್ನು ಅಳೆದಿಡುವ ಸಂಕಲ್ಪ ಮಾಡಿದರು. ಆಕಾಶವನ್ನು ಪಟ್ಟಿಪಟ್ಟಿಯಾಗಿ ವಿಭಾಗಿಸಿ ಒಂದೊಂದನ್ನು ಒಂದೊಂದು ವೀಕ್ಷಣಾಲಯಕ್ಕೆ ವಹಿಸಿದರು. ಸತ್ಯವಾದ ವಿಜ್ಞಾನಕ್ಕೆ ಚರ್ಚು ಹಗೆಯಲ್ಲವೆಂದು ತೋರಿಸಲು 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ವ್ಯಾಟಿಕನ್ ವೀಕ್ಷಣಾಲಯವನ್ನು ಪುನಃ ಸ್ಥಾಪಿಸಿದ್ದರು. ಉತ್ತರಾಕಾಶದ 55ರಿಂದ 64 ಅಂಶದ ಪಟ್ಟಿ ಅದರ ಪಾಲಿಗೆ ಬಂದಿತು. ದಕ್ಷಿಣದ 17ರಿಂದ 23 ಅಂಶದ ಪಟ್ಟಿಯನ್ನು ಚಿಲಿ ದೇಶದ ಸಾಂತಿಯಾಗೊ ಪೂರೈಸಲಾಗಲಿಲ್ಲ. ಅದನ್ನು ನಮ್ಮ ಹೈದರಾಬಾದು ವಹಿಸಿಕೊಂಡಿತು. ಹೀಗೆ ಪೋಪರ ಮನೆಯೂ ನಿಜಾಮರ ಮನೆಯೂ ಒಂದೇ ಲೆಕ್ಕದ ಪಾಲುದಾರರಾದವು.

ಕೆಲಸವಾದರೂ ಎಂತಹುದು! ಗಾಜಿನ ತಟ್ಟೆಯ ಮೇಲೆ ಮೂಡಿದ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಅಳೆದು ಅಂಕಿ ಬರೆಯಬೇಕು. ಪ್ರತಿಯೊಂದು ಚುಕ್ಕೆಯೂ ಎರಡು ತಟ್ಟೆಗಳಲ್ಲಿ ಬರುವಂತೆ ಯೋಜಿಸಿದ್ದರಿಂದ ಒಂದರ ಅಂಕಿಯನ್ನು ಇನ್ನೊಂದರೊಡನೆ ತಾಳೆ ನೋಡಬಹುದಿತ್ತು. ಗುಮಾಸ್ತರಾದ ನಮಗೆ ಇದು ಅಂಗೈ ನೆಲ್ಲಿಯಂತೆ ಅರ್ಥವಾಗುತ್ತದೆ. ವ್ಯಾಟಿಕನ್ನಿನಲ್ಲಿ ಈ ಕೆಲಸಕ್ಕೆ ಕುಳಿತವರು ನಾಲ್ವರು ಸಂನ್ಯಾಸಿನಿಯರು: ಎಮಿಲಿಯಾ ಪೊನ್‌ಜೋನಿ, ರೆಜಿನಾ ಕೊಲೊಂಬೊ, ಕೊಂಚೆತ್ತಾ ಫಿನಾರ್ದಿ ಮತ್ತು ಲುಯಿಜಾ ಪಂಚೇರಿ. 1910ರಿಂದ 1921ರವರೆಗೆ ಇವರು ಅಳೆದ ನಕ್ಷತ್ರಗಳು 4,81,215. ಇವರ ಹೆಸರುಗಳು ಹಳೆಯ ಪತ್ರಗಳಲ್ಲಿ ಸಿಕ್ಕಿ ಲೋಕಕ್ಕೆ ತಿಳಿದದ್ದು 2016ರಲ್ಲಿ! ಇತ್ತ ಬೇಗಂಪೇಟೆಯಲ್ಲಿ 1914ರಿಂದ ಪೊಕಾಕ್ ಎಂಬವರ ಕೈಕೆಳಗೂ, 1918ರಲ್ಲಿ ಅವರು ತೀರಿಕೊಂಡ ಮೇಲೆ ಟಿ. ಪಿ. ಭಾಸ್ಕರನ್ ಅವರ ಕೈಕೆಳಗೂ ಇದೇ ದುಡಿಮೆ ಸಾಗಿ, ಲಕ್ಷಾಂತರ ನಕ್ಷತ್ರಗಳ ಅಂಕಿಗಳು ಸಂಪುಟಗಳಾಗಿ ಅಚ್ಚಾದವು.

ಈ ಶ್ರಮ ವ್ಯರ್ಥವಾಯಿತೇ? ಇಲ್ಲ. 1989ರಲ್ಲಿ ಐರೋಪ್ಯರು ಹಾರಿಸಿದ ಹಿಪಾರ್ಕಸ್ ಉಪಗ್ರಹದ ಅಳತೆಗಳನ್ನು ಈ ಹಳೆಯ ಅಂಕಿಗಳೊಡನೆ ಹೋಲಿಸಿದಾಗ ಯಾವ ನಕ್ಷತ್ರ ಎಷ್ಟು ಸರಿದಿದೆಯೆಂಬುದು ತಿಳಿಯಿತು. ಹಾಗೆ 2000ದಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯ ಪಟ್ಟಿ ಹೊರಬಂದಿತು. ಪ್ರಾರ್ಥನೆಯ ನಡುವೆ ಬರೆದ ಅಂಕಿಗೂ ನಮ್ಮೂರಿನಲ್ಲಿ ಬರೆದ ಅಂಕಿಗೂ ಅಲ್ಲಿ ಒಂದೇ ಬೆಲೆ. ಬರೆದವರ ಮತವೇನೆಂದು ನಕ್ಷತ್ರ ಕೇಳಲಿಲ್ಲ; ಅಂಕಿ ಸರಿಯೇ ಎಂಬುದಷ್ಟೇ ಪ್ರಶ್ನೆ.

ನಮ್ಮ ಕನ್ನಡ ನಾಡಿಗೂ ಇಂತಹ ಋಣವುಂಟು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಜೆಸುಯಿಟ್ ಪಾದ್ರಿ ಸೆಸಿಲ್ ಸಲ್ಡಾನಾ ಅವರು ಅಮೆರಿಕದ ಡಾನ್ ನಿಕೋಲ್ಸನ್ ಅವರೊಡನೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಬೃಹತ್ ಗ್ರಂಥವನ್ನು ಪ್ರಕಟಿಸಿದರು. 1984ರಲ್ಲಿ ಅವರ ಕರ್ನಾಟಕ ಸಸ್ಯಗ್ರಂಥದ ಮೊದಲ ಸಂಪುಟ ಬಂದಿತು. ನಮ್ಮ ಕಾಡಿನ ಗಿಡಗಳನ್ನು ಬಲ್ಲವರು ಈ ಪುಸ್ತಕಗಳನ್ನು ಬಲ್ಲರು.

ಇನ್ನೊಂದೇ ಸಂಗತಿ ಹೇಳಿ ಮುಗಿಸುತ್ತೇವೆ. ಜಗತ್ತು ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದ ಲೆಮೈತ್ರ್ ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಈ ಬಗೆಯ ಸಿದ್ಧಾಂತವನ್ನು ದೇವರ ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದರು. ಬೇರೊಬ್ಬರಾದರೆ ಹಿಗ್ಗುತ್ತಿದ್ದರೋ ಏನೋ. ಲೆಮೈತ್ರ್ ಅವರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗೆ ಹೊರಗಿನದು, ಅದನ್ನು ಆಸ್ತಿಕನೂ ಒಪ್ಪಬಹುದು ನಾಸ್ತಿಕನೂ ಒಪ್ಪಬಹುದು ಎಂಬುದು ಅವರ ನಿಲುವು. ಮರುವರ್ಷ ಖಗೋಳಜ್ಞರ ಸಭೆಯಲ್ಲಿ ಮಾತಾಡಿದ ಪೋಪರು ಆ ವಾದವನ್ನು ಎತ್ತಲಿಲ್ಲ.

ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯ ಸಾರವೆಲ್ಲ ಇಲ್ಲಿದೆ. ಒಬ್ಬನೇ ಆಸಾಮಿಗೆ ಎರಡು ಖಾತೆ ಇರಬಹುದು. ಒಂದರ ಹಣವನ್ನು ಇನ್ನೊಂದರಲ್ಲಿ ಬರೆದರೆ ಎರಡೂ ಕೆಡುತ್ತವೆ. ಗೆಲಿಲಿಯೋನ ಕಾಲದಲ್ಲಿ ಕೆಟ್ಟದ್ದು ಹೀಗೆಯೇ. ಇದು ರೋಮಿಗೆ ಮಾತ್ರ ಹೇಳುವ ಬುದ್ಧಿಯಲ್ಲ. ಗ್ರಹಣ ಬಂದಾಗ, ಕಾಯಿಲೆ ಬಂದಾಗ, ನಮ್ಮ ಪುರಾಣದಲ್ಲೇ ಎಲ್ಲ ಯಂತ್ರಗಳೂ ಇದ್ದವೆಂದು ಹೆಮ್ಮೆಪಡುವಾಗ, ನಮ್ಮ ಮನೆಗಳಲ್ಲಿಯೂ ಖಾತೆಗಳು ಕಲಸಿಹೋಗುತ್ತವೆ.

ಪರಸ್ಥಳದಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಒಂದನ್ನು ಕಲಿಯಲು ಇನ್ನೊಂದನ್ನು ಬಿಡೆಂದು ನಾವು ಹೇಳುವುದಿಲ್ಲ. ಯಾವುದು ಎಲ್ಲಿ ಸಲ್ಲುವುದೆಂದು ಅವರೇ ಬಲ್ಲರು. ದೇವರ ಕೋಣೆಯ ದೀಪವನ್ನೂ ಶಾಲೆಯ ದೂರದರ್ಶಕವನ್ನೂ ಅವರು ಹಾಗೆಯೇ ಅರಿತು ಬಾಳಲಿ. ಮಕ್ಕಳು ಪ್ರಶ್ನೆ ಕೇಳಿದಾಗ ಗದರಿಸದೆ ಉತ್ತರ ಹುಡುಕುವ ತಾಳ್ಮೆ ನಮಗೆ ಬರಲಿ.