ಹುಟ್ಟದವರಿಗೂ ಅಭಯ

ಧರ್ಮಸ್ಥಳವೆಂದೊಡನೆ ಚತುರ್ವಿಧ ದಾನದ ಮಾತು ಬರುತ್ತದೆ: ಅನ್ನ, ಔಷಧ, ವಿದ್ಯೆ, ಅಭಯ. ಮೊದಲ ಮೂರನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೆಯದು ತುಸು ತೊಡಕಿನದು. ಇನ್ನೊಂದು ಜೀವಕ್ಕೆ ತನ್ನಿಂದ ಭಯವಿಲ್ಲವೆಂದು ಮಾಡಿಕೊಡುವುದೇ ಜೈನರ ಅಭಯದಾನ. ಹಾಗಾದರೆ ಇನ್ನೂ ಹುಟ್ಟದ ಜೀವಕ್ಕೆ ಅಭಯ ಕೊಡಲು ಬರುತ್ತದೆಯೆ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಇದೇ ಬೆಳ್ತಂಗಡಿ ತಾಲೂಕಿನಲ್ಲಿ ಅದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ.

ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಗೇರುತೋಪುಗಳ ಮೇಲೆ 1980ರ ದಶಕದಿಂದ ಹಲವು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಮೇಲೆ ತೋಪು, ಕೆಳಗೆ ಮನೆ, ಬಾವಿ, ಹಟ್ಟಿ, ತೋಡು. ಗಡಿಯಾಚೆ ಕಾಸರಗೋಡಿನಲ್ಲೂ ಇದೇ ಕತೆ. ಅಲ್ಲಿಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನೂ ಪತ್ರಕರ್ತ ಶ್ರೀಪಡ್ರೆ ಬರೆದದ್ದನ್ನೂ ಬಹುಕಾಲ ಯಾರೂ ಗಂಭೀರವಾಗಿ ಎಣಿಸಲಿಲ್ಲ. (ಆ ಊರಿನ ಒಂದು ಭಾಗದ ಹೆಸರು ಸ್ವರ್ಗ!) ಕೊನೆಗೆ 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಆ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು.

ಅಂಗವೈಕಲ್ಯದಿಂದ, ಬುದ್ಧಿಮಾಂದ್ಯದಿಂದ ನರಳುತ್ತಿರುವವರಲ್ಲಿ ಅನೇಕರು ಸಿಂಪಡಣೆಯ ತೀರ್ಮಾನವಾದಾಗ ಹುಟ್ಟಿರಲೇ ಇಲ್ಲ. ಅವರಿಗೆ ವೋಟಿರಲಿಲ್ಲ, ಅರ್ಜಿ ಕೊಡಲು ಕೈಯಿರಲಿಲ್ಲ. ಹುಟ್ಟಿದ ಮೇಲೋ, ‘ನಿನ್ನ ಕಾಯಿಲೆಗೆ ಇದೇ ಕಾರಣವೆಂದು ತೋರಿಸು’ ಎಂಬ ಹೊರೆ ಅವರ ತಲೆಗೇ ಬಂತು.

ಆಕ್ಸ್‌ಫರ್ಡಿನ ದಾರ್ಶನಿಕ ಡೆರೆಕ್ ಪಾರ್ಫಿಟ್ 1984ರ ತಮ್ಮ ಗ್ರಂಥದಲ್ಲಿ ಇದಕ್ಕೂ ಬಿಗಿಯಾದ ಗಂಟೊಂದನ್ನು ಎತ್ತಿದರು. ದೊಡ್ಡ ಯೋಜನೆಯೊಂದು ಬಂದರೆ ಜನರ ಕೂಲಿ, ಓಡಾಟ, ನೆಂಟಸ್ತಿಕೆ, ಮದುವೆಯ ಹೊತ್ತು ಎಲ್ಲವೂ ಬದಲಾಗುತ್ತವೆ. ಕೆಲವು ತಲೆಮಾರು ಕಳೆದರೆ ಹುಟ್ಟುವವರೇ ಬೇರೆ. ಹಾಗಿರುವಾಗ ಆಗ ಹುಟ್ಟಿದವನು ‘ಆ ಯೋಜನೆಯಿಂದ ನಾನು ಕೆಟ್ಟೆ’ ಎನ್ನುವುದೆಂತು? ಯೋಜನೆಯಿಲ್ಲದಿದ್ದರೆ ಅವನೇ ಇರುತ್ತಿರಲಿಲ್ಲ! ಪಾರ್ಫಿಟ್ ಇದನ್ನು ತಪ್ಪಿತಸ್ಥರಿಗೆ ನೆಪವೆಂದು ಒಪ್ಪಿಸಲಿಲ್ಲ; ಅವರನ್ನು ಕೊನೆವರೆಗೆ ಕಾಡಿದ ಸಮಸ್ಯೆ ಅದು.

ಹಳ್ಳಿಯ ಕಣ್ಣಿಗೆ ಈ ಗಂಟು ಅಷ್ಟು ಬಿಗಿಯಲ್ಲ. ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟವನು ಬರುವವನ ಹೆಸರು ಕೇಳಿ ಕೊಡ ತುಂಬುವುದಿಲ್ಲ. ಯಾರೇ ಬರಲಿ, ನೀರು ಕೆಟ್ಟಿರಬಾರದು, ಅಷ್ಟೆ. ಬರುವವನು ಇಂಥವನೇ ಎಂದು ಗೊತ್ತಿರಲಿಲ್ಲವೆಂಬುದು ನೀರು ಕೆಡಿಸಿದವನ ಪರವಾದ ಸಾಕ್ಷಿಯಲ್ಲ.

ಆದರೆ ದಾರಿಯಲ್ಲಿ ಯಾರೂ ಬಾರದೇ ಹೋದರೆ? ಅಣುಬಾಂಬಿನ ಮೇಲೆ ಹುಟ್ಟಿದ ಪ್ರಶ್ನೆಯಿದು. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಸಾಯುವ ಯುದ್ಧಕ್ಕೂ ನೂರೂ ಮಂದಿ ಸಾಯುವ ಯುದ್ಧಕ್ಕೂ ಅಂತರ ಬಹು ದೊಡ್ಡದು, ಎರಡನೆಯದು ಮುಂದಿನ ತಲೆಮಾರುಗಳನ್ನೆಲ್ಲ ಅಳಿಸುತ್ತದೆ ಎಂದು ಪಾರ್ಫಿಟ್ ವಾದಿಸಿದರು. ಜೈನರ ಕಾಲಚಕ್ರದಲ್ಲೂ ಇಳಿಗಾಲ ಭೀಕರವೇ. ಅವಸರ್ಪಿಣಿಯ ಆರನೆಯ ಕಾಲದಲ್ಲಿ ಆಯುಷ್ಯ ಕುಗ್ಗಿ, ಜನ ಗುಹೆ ಸೇರುತ್ತಾರೆ. ಆದರೂ ಒಂದಿಷ್ಟು ಮಂದಿ ಉಳಿಯುತ್ತಾರೆ, ಚಕ್ರ ಮತ್ತೆ ಮೇಲಕ್ಕೆ ತಿರುಗುತ್ತದೆ. ಬಾಂಬು ಮಾಡಿದವರಿಗೆ ಅಂಥ ಭರವಸೆ ಇಲ್ಲ.

ಇಲ್ಲೊಂದು ಎಚ್ಚರ ಬೇಕು. ವಿಷ ಸಿಂಪಡಿಸಿದ್ದು ತಪ್ಪೆನ್ನುವ ಭರದಲ್ಲಿ ‘ಇಂಥ ಮಕ್ಕಳು ಹುಟ್ಟದಿದ್ದರೇ ಚೆನ್ನಿತ್ತು’ ಎಂದು ಆಡಿಬಿಡುವವರಿದ್ದಾರೆ. ಅದು ಬೇರೆಯೇ ಮಾತು, ಕ್ರೂರವಾದ ಮಾತು. ಕೆಟ್ಟದ್ದು ಬಾವಿಯ ನೀರು, ಮಗುವಲ್ಲ. ಆ ಮಗುವಿಗೆ ಉಣಿಸಿ, ಮೀಯಿಸಿ, ಎತ್ತಿ ಮಲಗಿಸುವ ತಾಯಿ ಅದರ ಬದುಕಿಗೆ ಬೆಲೆಯಿಲ್ಲವೆಂದು ತಿಳಿದವಳಲ್ಲ.

ಅಂದಿನ ಆ ಮಕ್ಕಳು ಇಂದು ಬೆಳೆದಿದ್ದಾರೆ, ಎತ್ತುವ ತಾಯಂದಿರಿಗೆ ವಯಸ್ಸಾಗಿದೆ. ಇಂಥ ಮನೆಗಳ ಪ್ರಶ್ನೆ ಮಾನವಕುಲದ ಅಳಿವಿನದಲ್ಲ. ಮಾಸಾಶನವೇನೋ ಬ್ಯಾಂಕಿಗೆ ಬಂದೀತು. ತಾಯಿ ಏಳಲಾರದ ದಿನ ಗಂಜಿ ಉಣಿಸುವವರು ಯಾರು?