ಹೊಸೆದದ್ದೋ, ಹೆಣೆದದ್ದೋ?

ಹಳೆಯ ಲೇಸಿನ ತುಂಡೊಂದು ಕೈಗೆ ಬಂದರೆ ಕಣ್ಣು ಮೊದಲು ಹೂಬಳ್ಳಿಗಳತ್ತ ಓಡುತ್ತದೆ. ಸ್ವಲ್ಪ ಹೊತ್ತು ಅವನ್ನು ಮರೆಯಿರಿ. ಹೂವಿನ ನಮೂನೆ ಫ್ಯಾಷನ್ನಿನ ಬೆನ್ನು ಹತ್ತಿ ಹೋಗುತ್ತದೆ. ಹೂಗಳ ನಡುವಿನ ಬಲೆಯಾದರೋ ಕೈಗೆ ಕೂತ ಅಭ್ಯಾಸ, ಬೇಗ ಬದಲಾಗದು. ತುಂಡನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಬಲೆಯ ಒಂದೇ ಒಂದು ಕಣ್ಣನ್ನು ನೋಡಿ.

ದಿಂಬಿಗೆ ಗುಂಡುಸೂಜಿ ಚುಚ್ಚಿ, ನಮ್ಮ ನೇಕಾರರ ಕಂಡಿಕೆಯಂಥ ಪುಟ್ಟ ಬಾಬಿನ್‌ಗಳಿಗೆ ಸುತ್ತಿದ ಎಳೆಗಳನ್ನು ದಾಟಿಸುತ್ತ ತಿರುಚುತ್ತ ಮಾಡುವ ಲೇಸಿನ ಮಾತಿದು. ನಾವು ಬತ್ತಿ ಹೊಸೆಯುತ್ತೇವೆ, ಜಡೆ ಹೆಣೆಯುತ್ತೇವೆ. ಈ ಎರಡು ಕ್ರಿಯಾಪದಗಳು ನೆನಪಿದ್ದರೆ ಇಂದಿನ ಬೆಲ್ಜಿಯಂ, ಉತ್ತರ ಫ್ರಾನ್ಸ್‌ಗಳಲ್ಲಿ ಹರಡಿದ ಫ್ಲಾಂಡರ್ಸ್ ಸೀಮೆಯ ಬಲೆಗಳನ್ನು ಓದಬಹುದು.

ಲಿಲ್ ಲೇಸಿನ ಬಲೆಯಲ್ಲಿ ಜಡೆಯೇ ಇಲ್ಲ. ಎರಡೆರಡು ಎಳೆ ಹೊಸೆದದ್ದು ಅಷ್ಟೆ, ಉಸಿರಿನಷ್ಟು ಹಗುರ. ವ್ಯಾಲೆನ್ಸಿಯೆನ್ ಇದಕ್ಕೆ ತದ್ವಿರುದ್ಧ: ಅದರ ಪಳಗಿದ ರೂಪದಲ್ಲಿ ಕಣ್ಣಿನ ಪ್ರತಿ ಬದಿಯೂ ನಾಲ್ಕೆಳೆಯ ಜಡೆ. ಹೂವಿನ ಸುತ್ತ ದಪ್ಪ ದಾರವೂ ಇರುವುದಿಲ್ಲ. (ಹೆಸರು ಶೈಲಿಯದ್ದು, ಈಪ್ರ್, ಗೆಂಟ್ ಊರುಗಳಲ್ಲೂ ವ್ಯಾಲೆನ್ಸಿಯೆನ್ ಹೆಣೆದರು.)

ತೊಡಕಿರುವುದು ಮೆಖ್ಲಿನ್ ಹತ್ತಿರ. ಲಿಲ್‌ನಂತೆ ಇದರಲ್ಲೂ ಹೂವಿನ ಅಂಚಿಗೆ ದಪ್ಪ ದಾರ ಓಡುತ್ತದೆ. ಬರಿಗಣ್ಣಿಗೆ ಎರಡೂ ಅಕ್ಕತಂಗಿಯರು. ಆದರೆ ಮೆಖ್ಲಿನ್ ಕಣ್ಣಿನ ಆರು ಬದಿಗಳಲ್ಲಿ ನಾಲ್ಕು ಹೊಸೆದವು, ಎದುರುಬದುರಿನ ಎರಡು ಹೆಣೆದವು. ಆ ಗಿಡ್ಡ ಜಡೆ ಕಂಡ ಕ್ಷಣ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅದೇ ಜಡೆ ಉದ್ದವಾಗಿದ್ದರೆ? ಬ್ರಸೆಲ್ಸ್. ಅಲ್ಲಿ ಹೂಗಳನ್ನು ಬೇರೆಯಾಗಿ ಮಾಡಿ, ಆಮೇಲೆ ಬಲೆಗೆ ಕೂಡಿಸುತ್ತಿದ್ದರು. 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ತನ್ನ ಬಲೆಯಂತ್ರಕ್ಕೆ ಪೇಟೆಂಟ್ ಪಡೆದ. ಅದರಿಂದ ಬಂದದ್ದು ಹೊಸೆದ ಬಲೆ, ಕಣ್ಣುಗಳೆಲ್ಲ ಒಂದೇ ಅಚ್ಚು. ಬ್ರಸೆಲ್ಸ್ ಹೂಗಳು ಅಂಥ ಬಲೆಯ ಮೇಲೆ ಕೂತಿದ್ದರೆ ಆ ತುಂಡು 18ನೇ ಶತಮಾನದ್ದಾಗಲಾರದು.

ಕೈಬಲೆಯೇ ಆದರೆ ಬೆಳಕಿಗೆ ಹಿಡಿಯಿರಿ. ಅದನ್ನು ಸುಮಾರು ಅಂಗುಲ ಅಗಲದ ಪಟ್ಟಿಗಳಾಗಿ ಮಾಡಿ ಸೇರಿಸುತ್ತಿದ್ದರು. ತಾಳ್ಮೆಯಿಂದ ಹುಡುಕಿದರೆ ಆ ಜೋಡಣೆಯ ಜಾಡು ಸಿಕ್ಕೀತು. ಹೂ ಮಾಡಿದವಳು ಒಬ್ಬಳು, ಬಲೆ ಹಾಕಿದವಳು ಇನ್ನೊಬ್ಬಳು, ಪಟ್ಟಿ ಕೂಡಿಸಿದವಳು ಮತ್ತೊಬ್ಬಳು.