ಸಣ್ಣ ಬೋಲ್ಟಿಗೂ ಬೇಕು ಸತುವಿನ ಕಾವಲು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ನಮ್ಮ ಕರಾವಳಿಯ ಸಂಘಗಳಲ್ಲಿ ಸಾಲ ಪಡೆದು ಮೀನು, ತರಕಾರಿ ಸಾಗಿಸಲು ಗೂಡ್ಸ್ ಆಟೋ ಕೊಂಡವರಿದ್ದಾರೆ. ಗಾಡಿ ಕೊಳ್ಳುವಾಗ ನಾವು ಎಂಜಿನ್ ನೋಡುತ್ತೇವೆ, ಟಯರ್ ನೋಡುತ್ತೇವೆ. ನಟ್ಟು, ಬೋಲ್ಟು, ವಾಷರ್, ಕೊಂಡಿ, ಹಿಂಬಾಗಿಲಿನ ಕೀಲು ಇವನ್ನೆಲ್ಲ ಯಾರು ನೋಡ್ತಾರೆ? ಆದರೆ ಒಂದು ಬೋಲ್ಟು ತುಕ್ಕು ಹಿಡಿದು ತುಂಡಾದರೆ ಮೀನಿನ ಪೆಟ್ಟಿಗೆ ರಸ್ತೆ ಪಾಲು, ಹಿಂದೆ ಬರುವ ಬೈಕಿನವರಿಗೆ ಅಪಾಯ, ಆ ತಿಂಗಳ ಕಂತೂ ಬಾಕಿ.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗಲಿದರೆ ತುಕ್ಕು ಬರುತ್ತದೆ. ಉಪ್ಪು ಸೇರಿದರೆ ಇನ್ನೂ ಬೇಗ. ಕಡಲ ಗಾಳಿ, ಮೀನಿನ ಪೆಟ್ಟಿಗೆಯಿಂದ ಸೋರುವ ಐಸ್ ನೀರು ಎರಡರಲ್ಲೂ ಉಪ್ಪಿದೆ.

ಇದಕ್ಕೆ ಪರಿಹಾರ ಸತುವಿನ ಲೇಪನ, ಅಂದ್ರೆ ಗ್ಯಾಲ್ವನೈಸಿಂಗ್. ನಮ್ಮ ಜಿ.ಐ. ಬಕೆಟ್, ಜಿ.ಐ. ತಂತಿಗೆ ಇರುವುದೂ ಇದೇ. ಫ್ರಾನ್ಸಿನ ಸೊರೆಲ್ ಎಂಬ ಎಂಜಿನಿಯರ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬಣ್ಣ ಬರೀ ಹೊದಿಕೆ. ಗೀರು ಬಿದ್ದಲ್ಲಿ ತುಕ್ಕು ಒಳಗೆ ನುಗ್ಗುತ್ತದೆ. ಸತು ಹಾಗಲ್ಲ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಕಾರ್ಖಾನೆಯಲ್ಲಿ ಮೊದಲು ಭಾಗಗಳ ಎಣ್ಣೆ ಜಿಡ್ಡು ತೆಗೆಯುತ್ತಾರೆ. ಆಮ್ಲದಲ್ಲಿ ಹಾಕಿ ತುಕ್ಕು ಬಿಡಿಸುತ್ತಾರೆ. ನಂತರ ತೂತಿನ ಬುಟ್ಟಿಯಲ್ಲಿಟ್ಟು, ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದುತ್ತಾರೆ. ಹೊರತೆಗೆದ ಕೂಡಲೇ ಬುಟ್ಟಿಯನ್ನು ಗಿರ್ರನೆ ತಿರುಗಿಸಿದಾಗ ಹೆಚ್ಚಿನ ಸತು ಸಿಡಿದು ಹೋಗಿ ಬೋಲ್ಟಿನ ಮರೆ ಸ್ವಚ್ಛವಾಗಿ ಉಳಿಯುತ್ತದೆ.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಫಳಫಳ ಹೊಳೆಯುವುದು ಸಾಮಾನ್ಯವಾಗಿ ವಿದ್ಯುತ್ತಿನಿಂದ ಲೇಪಿಸಿದ್ದು; ಅದರ ಪದರ ತೆಳು, ಹೆಚ್ಚಾಗಿ 5ರಿಂದ 12 ಮೈಕ್ರಾನ್. ಮಾಸಲು ಬೂದು ಬಣ್ಣದ, ಸ್ವಲ್ಪ ಒರಟಾದದ್ದು ಬಿಸಿ ಸತುವಿನಲ್ಲಿ ಅದ್ದಿದ್ದು. ಅದರ ಪದರ ಹಲವು ಪಟ್ಟು ದಪ್ಪ. ಹೊಳಪಿಗೆ ಮರುಳಾಗಬೇಡಿ. ದಪ್ಪ ಲೇಪನದ ಬೋಲ್ಟಿಗೆ ಅದರದ್ದೇ ನಟ್ಟು ಬೇಕು, ಆದ್ದರಿಂದ ಜೋಡಿಯಾಗಿ ಕೊಳ್ಳಿ.

ಕೆಲವು ಎಚ್ಚರಿಕೆಗಳು:

1. ಮನೆಯಲ್ಲಿ ಸತು ಕರಗಿಸುವ, ಆಮ್ಲ ಬಳಸುವ ಸಾಹಸ ಬೇಡವೇ ಬೇಡ. ಕರಗಿದ ಸತುವಿಗೆ ಒದ್ದೆ ವಸ್ತು ಬಿದ್ದರೆ ಅದು ಸಿಡಿಯುತ್ತದೆ.

2. ಬ್ರೇಕ್, ಸ್ಟಿಯರಿಂಗ್, ಸ್ಪ್ರಿಂಗಿನ ಬೋಲ್ಟುಗಳಿಗೆ ಹೊಸದಾಗಿ ಲೇಪನ ಮಾಡಿಸಬೇಡಿ. ತುಂಬಾ ಗಟ್ಟಿ ಉಕ್ಕು ಆಮ್ಲದಲ್ಲಿ ಮುಳುಗಿದರೆ ಪೆಡಸಾಗಿ ಥಟ್ಟನೆ ಮುರಿಯಬಹುದು. ಗಾಡಿಯ ಕಂಪೆನಿ ಸೂಚಿಸಿದ ಭಾಗವನ್ನೇ ಹಾಕಿಸಿ.

3. ಸತು ಲೇಪಿಸಿದ ಭಾಗಕ್ಕೆ ವೆಲ್ಡಿಂಗ್ ಮಾಡುವಾಗ ಏಳುವ ಹೊಗೆಯಿಂದ ಚಳಿಜ್ವರ ಬರುತ್ತದೆ. ಆಗ ಮಕ್ಕಳನ್ನು ಹತ್ತಿರ ಬಿಡಬೇಡಿ.

4. ಉಪ್ಪಿನಕಾಯಿ, ಹುಣಸೆ ರಸ ಮುಂತಾದ ಹುಳಿ ಪದಾರ್ಥಗಳನ್ನು ಜಿ.ಐ. ಪಾತ್ರೆಯಲ್ಲಿ ಇಡಬೇಡಿ. ಹುಳಿಗೆ ಸತು ಕರಗಿ ಆಹಾರಕ್ಕೆ ಸೇರುತ್ತದೆ.

ಸತು ಇದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಉಪ್ಪು ಅದನ್ನೂ ಸವೆಸುತ್ತದೆ. ಮೀನು ಇಳಿಸಿದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಲೇಪನ ಎದ್ದ ಜಾಗವನ್ನು ಚೆನ್ನಾಗಿ ಉಜ್ಜಿ, ಒಣಗಿಸಿ, ಸತು ಬೆರೆತ ಬಣ್ಣ ಹಚ್ಚಿ. ಅರ್ಧ ಸವೆದ ಬೋಲ್ಟಿಗೆ ಬಣ್ಣ ಹಚ್ಚಿ ಫಲವಿಲ್ಲ, ಬದಲಾಯಿಸಿಬಿಡಿ.

ಲೇಪನಕ್ಕೆ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ದರ. ಒಬ್ಬರ ನಾಲ್ಕು ಕೊಂಡಿಗಾಗಿ ಕಾರ್ಖಾನೆಗೆ ಹೋಗುವುದು ದುಬಾರಿ. ನಾಲ್ಕೈದು ಸಂಘದವರು ಹಳೆ ಬಣ್ಣ ಬಿಡಿಸಿದ ಕೊಂಡಿ, ಕ್ಲಾಂಪುಗಳನ್ನು ಒಟ್ಟುಮಾಡಿ ಕಳುಹಿಸಿದರೆ ಖರ್ಚು ಹಂಚಿಹೋಗುತ್ತದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ ಗಾಡಿಗಳ ಬೋಲ್ಟಿನ ಲೆಕ್ಕವನ್ನೂ ತೆಗೆದುಕೊಳ್ಳೋಣ. ದುಡಿದು ಕೊಂಡದ್ದನ್ನು ಕಾಪಾಡಿಕೊಳ್ಳುವುದೂ ಉಳಿತಾಯವೇ.